ಆಗದವರ ಮನೆಯ ಮುದ್ರೆ

ನೀಲಿ ಕಣಜದ ನಲವತ್ತೊಂದನೆಯ ವರ್ಷ, ಎರಡನೆಯ ಶ್ರಾವಣದ ಮೂವತ್ತಾರನೆಯ ದಿನ
ಆಗದವರ ಮನೆ, ಉಣಕಲ್ ಕೆರೆಯ ಮೇಲ್ದಂಡೆ, ಹುಬ್ಬಳ್ಳಿ

ರಾಚಪ್ಪ ತಡಕೋಡ ಅವರಿಗೆ,

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ಮಳೆ ತನ್ನ ಕಾಲ ತಪ್ಪಿ ಎಷ್ಟೋ ತಲೆಮಾರುಗಳಾದವು. ಅದು ನಿಲ್ಲುವ ತನಕ ಶ್ರಾವಣವನ್ನು ಎಳೆಯುತ್ತ ಹೋಗುವುದು, ಮತ್ತೆ ಬಂದರೆ ಎರಡನೆಯ ಶ್ರಾವಣ ಎಂದು ಕರೆಯುವುದು ನಮ್ಮಲ್ಲಿ ರೂಢಿ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕಂಡೀತು. ನಿಮ್ಮ ಕಾಲದವರು ಮಾತಾಡಿದ್ದನ್ನು ಹಳೆಯ ಧ್ವನಿಮುದ್ರಣಗಳಲ್ಲಿ ಕೇಳಿ ಕಲಿತು ಬರೆಯುತ್ತಿದ್ದೇನೆ. ಮಾತಿನ ವಿಚಿತ್ರಕ್ಕೆ ಕ್ಷಮೆ ಇರಲಿ. ಬೇರೆ ಯಾವುದಕ್ಕೂ ನಾನು ನಿಮ್ಮ ಕ್ಷಮೆ ಕೇಳುವುದಿಲ್ಲ. ಇತ್ತ ನಾವೆಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ ಎಂದು ನಿಮ್ಮ ಹಿರಿಯರು ಪತ್ರ ಶುರು ಮಾಡುತ್ತಿದ್ದರಂತೆ. ನಿಮ್ಮ ಕ್ಷೇಮ ನನಗೆ ಬೇಕಾಗಿಲ್ಲ.

ಇದಕ್ಕೆ ನಾವು ಹಿಂದೋಲೆ ಅನ್ನುತ್ತೇವೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ಪ್ರತಿಯೊಬ್ಬರಿಗೂ ಜೀವಮಾನಕ್ಕೆ ಒಂದೇ. ಬಹಳ ಜನ ತೀರಿಕೊಂಡ ತಾಯಿಗೆ ಬರೆಯುತ್ತಾರೆ. ಕೆಲವರು ಮದುವೆಗೆ ಮುಂಚಿನ ತಮಗೇ ಬರೆದುಕೊಳ್ಳುತ್ತಾರೆ, ಅದರಿಂದ ಯಾರ ಮದುವೆಯೂ ನಿಂತ ಹಾಗೆ ಕಾಣೆ. ಓಲೆ ಯಾವ ದಿನ ತಲುಪುತ್ತದೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ಪಡೆಯುವವರು ಬದುಕಿರುವಾಗ ಯಾವಾಗಲೋ ಒಮ್ಮೆ, ಅವರ ಬೆರಳು ಹೆಚ್ಚು ಮುಟ್ಟುವ ಕಾಗದದ ಮೇಲೆ ಅಕ್ಷರ ಮೂಡುತ್ತದೆ. ನಿಮ್ಮ ವಿಷಯದಲ್ಲಿ ಆ ಕಾಗದ ಯಾವುದು ಎಂದು ನನಗೆ ಅನುಮಾನವಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನೀವು ಇಟ್ಟುಕೊಂಡಿರುವ ಸ್ಟಿಕ್ಕರಿನ ಸುರುಳಿ, ಅದರ ಹಿಂದಿನ ನುಣುಪು ಕಾಗದ. ಒಂದೊಂದೇ ಸ್ಟಿಕ್ಕರ್ ಕಿತ್ತ ಹಾಗೆ ಒಂದೊಂದು ಸಾಲು ಕಾಣಿಸುತ್ತಿರಬೇಕು. ನನ್ನ ಗಂಡ ಬಹಳ ಬೇಡಿಕೊಂಡ. ನಿನ್ನ ಅವ್ವನಿಗೆ ಬರಿ, ಅಕ್ಕನಿಗೆ ಬರಿ, ಇದ್ದದ್ದೊಂದು ಹಿಂದೋಲೆಯನ್ನು ಆ ಮನುಷ್ಯನ ಮೇಲೆ ಯಾಕೆ ಹಾಳು ಮಾಡುತ್ತೀ ಎಂದ. ಹಾವಿನ ದ್ವೇಷ ಹನ್ನೆರಡು ವರುಷ ಎನ್ನುತ್ತಾರಲ್ಲ, ನಮ್ಮ ಮನೆಯದನ್ನು ಕಂಡರೆ ಹಾವಿಗೂ ನಾಚಿಕೆಯಾದೀತು ಎಂದು ಹೇಳಿ ಅವನ ಬಾಯಿ ಮುಚ್ಚಿಸಿದೆ.

ನಾನು ರುದ್ರಾಣಿ ಕೊಣ್ಣೂರ. ನೀಲಗಂಗಾ ಎಂಬ ಹುಡುಗಿಯ ತಮ್ಮನ ಮರಿಮೊಮ್ಮಗಳ ಮಗಳು. ನಿಮಗೆ ಆ ಹುಡುಗಿಯ ಹೆಸರು ಗೊತ್ತಿರಲಿಕ್ಕಿಲ್ಲ, ಗೊತ್ತಾಗಲಿ ಎಂದೇ ಬರೆಯುತ್ತಿದ್ದೇನೆ. ಅವಳ ತಾಯಿ ಕಸ್ತೂರೆವ್ವ, ಹಳೇ ಹುಬ್ಬಳ್ಳಿಯಲ್ಲಿ ಮನೆ, ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಒಂದು ಚಳಿಗಾಲದಲ್ಲಿ ತಾಯಿ ಮಗಳು ಇಬ್ಬರೂ ನಿಮ್ಮ ಅಂಗಡಿಗೆ ಬಂದರು. ಬಕೆಟ್ಟಿನಲ್ಲಿ ಇಳಿಬಿಟ್ಟು ನೀರು ಕಾಯಿಸುವ ಕಾಯಿಲು ಬೇಕಾಗಿತ್ತು. ನೀವು ಎರಡು ತೋರಿಸಿದಿರಿ. ಒಂದರ ಮೇಲೆ ಸುರಕ್ಷತೆಯ ಗುರುತು ಇತ್ತು, ಇನ್ನೊಂದರ ಮೇಲೆ ಇರಲಿಲ್ಲ. ಗುರುತು ಇಲ್ಲದ್ದು ಅಗ್ಗ, ಕಸ್ತೂರೆವ್ವ ಅದಕ್ಕೇ ಕೈ ಹಾಕಿದಳು. ಮಗಳು ತಡೆದಳು. ಆ ವಾರವಷ್ಟೇ ಶಾಲೆಯಲ್ಲಿ ಅವಳ ಟೀಚರು, ಕರೆಂಟಿನ ಸಾಮಾನು ಕೊಳ್ಳುವಾಗ ಗುರುತು ನೋಡಿ ಕೊಳ್ಳಬೇಕು ಎಂದು ಪಾಠ ಮಾಡಿದ್ದರು. ಮಾಡಿದವನೂ ಅಲ್ಲದ, ಮಾರಿದವನೂ ಅಲ್ಲದ ಮೂರನೆಯವರೊಬ್ಬರು ಸಾಮಾನನ್ನು ಪರೀಕ್ಷೆ ಮಾಡಿ, ಇದು ಜೀವ ತೆಗೆಯುವುದಿಲ್ಲ ಎಂದು ಕೊಡುವ ಮಾತು ಅದು ಎಂದು ಹೇಳಿಕೊಟ್ಟಿದ್ದರು. ಹುಡುಗಿ ಆ ಗುರುತಿನ ಮೇಲೆ ಬೆರಳಾಡಿಸಿ ಹೇಳಿದಳಂತೆ: “ಅವ್ವಾ, ಇದರ ಮ್ಯಾಲ ಗುರುತು ಐತಿ. ಇದನ್ನ ತಗೋ.”

ನಿಮ್ಮ ಅಂಗಡಿಯಲ್ಲಿ ಎರಡು ಥರದ ಕಾಯಿಲು ಇರಲಿಲ್ಲ, ಒಂದೇ ಥರ ಇದ್ದದ್ದು. ಸ್ಟಿಕ್ಕರ್ ಹಚ್ಚಿದ್ದು, ಇನ್ನೂ ಹಚ್ಚದ್ದು, ಅಷ್ಟೇ ವ್ಯತ್ಯಾಸ. ಪ್ಲಗ್ಗಿಗೆ ಮೂರನೆಯ ಪಿನ್ನು ದಪ್ಪಗೆ, ನೋಡಲಿಕ್ಕೆ ಗಟ್ಟಿಯಾಗಿ ಇತ್ತು. ಒಳಗೆ ಅದಕ್ಕೆ, ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ತಂತಿಯೇ ಇರಲಿಲ್ಲ. ಕಸ್ತೂರೆವ್ವ ಹೆಚ್ಚಿನ ಬೆಲೆಯದ್ದನ್ನೇ ತಂದಳು, ತಗಡಿನ ಬಕೆಟ್ಟಿನಲ್ಲಿ ಹಾಕಿದಳು. ಶಾಲೆಯ ವಾರ್ಷಿಕ ಗ್ಯಾದರಿಂಗಿನ ಬೆಳಿಗ್ಗೆ ನೀಲಗಂಗಾ ತಲೆಸ್ನಾನ ಮಾಡಲು ಬಚ್ಚಲಿಗೆ ಹೋದಳು. ನೀರಿಗೆ ಕೈ ಹಾಕಲಿಲ್ಲ, ಕಾಯಿಲನ್ನು ಮುಟ್ಟಲಿಲ್ಲ. ಬಕೆಟ್ಟಿನ ಹಿಡಿಕೆ ಹಿಡಿದಳು. ತಾಯಿ ರೊಟ್ಟಿ ಬಡಿಯುತ್ತ, ನೀಲಗಂಗಾ ಹೊತ್ತಾತು ಹೊರಗ ಬಾ ಎಂದು ಕೂಗಿದಳು. ಮತ್ತೆ ಕೂಗಿದಳು. ಆಮೇಲೆ ಏನಾಯಿತು ಎನ್ನುವುದನ್ನು ನಮ್ಮ ಮನೆಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಗುರುತು ನೋಡದೆ ಕೊಂಡವರು ಸತ್ತಿದ್ದರೆ ಅಜ್ಞಾನ ಎನ್ನಬಹುದಿತ್ತು. ನೀವು ಕೊಂದದ್ದು ಗುರುತನ್ನು ನಂಬಿದವಳನ್ನು. ಕಳ್ಳತನ, ಮೋಸ, ಕಲಬೆರಕೆ ಎಲ್ಲ ಕಾಲದಲ್ಲೂ ಇವೆ, ನಮ್ಮಲ್ಲೂ ಇವೆ. ಹಾಲಿಗೆ ನೀರು ಬೆರೆಸುವವನ ಮೇಲೆ ಐದು ತಲೆಮಾರು ಯಾರೂ ಹಗೆ ಸಾಧಿಸುವುದಿಲ್ಲ. ಆದರೆ ನೋಡಿ ಕೊಳ್ಳಿರಿ ಎಂದು ಶಾಲೆಯಲ್ಲಿ ಹೇಳಿಕೊಟ್ಟದ್ದನ್ನೇ ಗಾಳಕ್ಕೆ ಸಿಕ್ಕಿಸಿ ಆ ಮಗುವನ್ನು ಎಳೆದುಕೊಂಡಿರಲ್ಲ, ಅದನ್ನು ನಾವು ಮರೆಯಲಿಲ್ಲ.

ದಿನ ಕರ್ಮ ಮುಗಿದ ಮೇಲೆ ಕಸ್ತೂರೆವ್ವ ನಿಮ್ಮ ಅಂಗಡಿಗೆ ಬಂದಳು. ಜಗಳಕ್ಕಲ್ಲ, ಹೀಗೇಕಾಯಿತು ಎಂದು ಕೇಳಲು. ಅವಳಿಗೆ ಆಗ ಇನ್ನೂ ಏನೂ ಗೊತ್ತಿರಲಿಲ್ಲ. ಮನೆಯ ವೈರಿಂಗು ಸರಿ ಇರಲಿಕ್ಕಿಲ್ಲ, ಹುಡುಗಿಯ ಕೈ ಒದ್ದೆ ಇದ್ದೀತು, ಎಂದೆಲ್ಲ ನೀವು ಸಮಾಧಾನ ಹೇಳಿದಿರಿ. ಕೊನೆಗೆ, “ಗುರುತು ಇತ್ತಲ್ರೀ ಅದಕ್ಕ. ಗುರುತು ಕೊಟ್ಟವರನ್ನ ಹೋಗಿ ಕೇಳ್ರಿ,” ಎಂದಿರಿ. ಈ ಮಾತು ಆಡುವಾಗ ನಿಮ್ಮ ಕೈ ಸುಮ್ಮನಿರಲಿಲ್ಲ. ಎದುರಿಗೆ ಹೊಸ ಕಾಯಿಲುಗಳ ಪೆಟ್ಟಿಗೆ ಬಿಚ್ಚಿತ್ತು. ನೀವು ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು ಸುರುಳಿಯಿಂದ ಒಂದು ಸ್ಟಿಕ್ಕರ್ ಎಬ್ಬಿಸುವುದು, ಕಾಯಿಲಿನ ಹಿಡಿಕೆಗೆ ಒತ್ತುವುದು, ಮತ್ತೊಂದು ಎಬ್ಬಿಸುವುದು. ಅಷ್ಟು ರೂಢಿಯಾಗಿತ್ತು ನಿಮಗೆ. ಮಗಳನ್ನು ಕಳೆದುಕೊಂಡವಳು ಮುಂದೆ ನಿಂತಿದ್ದಾಳೆ ಎನ್ನುವಾಗಲೂ ಕೈ ನಿಲ್ಲಿಸಬೇಕು ಎಂದು ನಿಮಗೆ ಹೊಳೆಯಲಿಲ್ಲ. ಕಸ್ತೂರೆವ್ವ ಆ ಕೈಯನ್ನೇ ನೋಡುತ್ತ ನಿಂತಳಂತೆ. ಮೂರನೆಯವರು ಕೊಡಬೇಕಾದ ಮಾತನ್ನು ಮಾರುವವನೇ ಉಗುಳು ಹಚ್ಚಿ ಕೊಡುತ್ತಿದ್ದಾನೆ ಎನ್ನುವುದು ಅವಳಿಗೆ ಅಲ್ಲೇ, ಆ ನಿಮಿಷ ತಿಳಿಯಿತು.

ದೂರು ಕೊಟ್ಟಳು. ದೂರಿನ ಹಣೆಬರಹ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸಾಕ್ಷಿಯಾಗಬೇಕಿದ್ದ ಕಾಯಿಲು ಯಾರ ಕೈಯಿಂದ ಯಾರ ಕೈಗೆ ಹೋಯಿತೋ, ಕಡೆಗೆ ಎಲ್ಲಿಯೂ ಇರಲಿಲ್ಲ. ಆಗ ಅವಳು ಮಾಡಿದ್ದು ನಮ್ಮ ಮನೆಯ ಮಕ್ಕಳಿಗೆ ಇವತ್ತಿಗೂ ಬಾಯಿಪಾಠ. ಸಂತೆಯ ದಿನ, ಬಜಾರು ತುಂಬಿದ್ದಾಗ, ಅದೇ ತಗಡಿನ ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ನಿಮ್ಮ ಅಂಗಡಿಯ ಕಟ್ಟೆಯ ಮೇಲೆ ತಂದಿಟ್ಟಳು. ನೀವೇ ಗುರುತು ಹಚ್ಚಿದ ಹೊಸ ಕಾಯಿಲೊಂದನ್ನು ಎತ್ತಿ ನೀರಿಗೆ ಇಳಿಬಿಟ್ಟಳು, ನಿಮ್ಮದೇ ಬೋರ್ಡಿಗೆ ಪ್ಲಗ್ಗು ಚುಚ್ಚಿದಳು. ಗಿರಾಕಿಗಳು ಕೈಚೀಲ ಹಿಡಿದುಕೊಂಡು ನಿಂತು ನೋಡಿದರು. ಅವಳು ಕೂಗಾಡಲಿಲ್ಲ. ರೊಟ್ಟಿಯ ಲೆಕ್ಕ ಹೇಳುವ ದನಿಯಲ್ಲೇ ಹೇಳಿದಳು: “ರಾಚಪ್ಪಾರ, ಗುರುತು ಹಚ್ಚೀರಿ. ಈಗ ಬಕೆಟ್ ಮುಟ್ರಿ.”

ನೀವು ಮುಟ್ಟಲಿಲ್ಲ. ನಕ್ಕಿರಿ, ಹುಚ್ಚು ಹಿಡಿದಿದೆ ಪಾಪ ಎಂದಿರಿ, ಪೊಲೀಸರನ್ನು ಕರೆಯುತ್ತೇನೆ ಎಂದಿರಿ, ಕೈಗಳನ್ನು ಮಾತ್ರ ಬೆನ್ನ ಹಿಂದೆ ಕಟ್ಟಿಕೊಂಡಿರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಅವತ್ತು ಬಜಾರಿನವರ ಕಣ್ಣೆದುರಿಗೇ ನಡೆಯಿತು. ಕೆಲವು ತಿಂಗಳು ನಿಮ್ಮ ಅಂಗಡಿಯ ಕದ ಅರ್ಧ ಮುಚ್ಚಿತ್ತು. ಆಮೇಲೆ ನೀವು ಬೆಳಗಾವಿಯ ಕಡೆ ಹೋದಿರಿ, ಅಲ್ಲಿ ಬೇರೆ ಹೆಸರಿನ ಅಂಗಡಿ ತೆರೆದಿರಿ, ಮಕ್ಕಳು ಮೊಮ್ಮಕ್ಕಳಾಗಿ ಚೆನ್ನಾಗಿಯೇ ಬಾಳಿದಿರಿ. ಮಾಡಿದ್ದುಣ್ಣೋ ಮಹಾರಾಯ ಎನ್ನುವುದೆಲ್ಲ ಸುಳ್ಳು ಎಂದು ನನಗೆ ಚಿಕ್ಕಂದಿನಲ್ಲೇ ಅನ್ನಿಸಿತ್ತು. ನೀವು ಉಣ್ಣಲಿಲ್ಲ. ಹೊಟ್ಟೆತುಂಬ ಹೋಳಿಗೆ ಉಂಡಿರಿ.

ಆದರೆ ಬಜಾರಿನಲ್ಲಿ ಒಂದು ಅಭ್ಯಾಸ ಉಳಿಯಿತು. ಕರೆಂಟಿನ ಸಾಮಾನು ಕೊಂಡವರು ಮನೆಗೆ ಹೋಗುವ ಮುಂಚೆ ಕಸ್ತೂರೆವ್ವನ ಅಂಗಳಕ್ಕೆ ಬರತೊಡಗಿದರು. ಅವಳಿಗೆ ವಿದ್ಯುತ್ತಿನ ವಿಷಯ ಏನೇನೂ ತಿಳಿಯದು. ಓಣಿಯ ವೈರ್‌ಮನ್ನನ್ನು ಕಾಡಿ ಬೇಡಿ ಒಂದೊಂದೇ ಕಲಿತಳು. ಅವಳ ಹತ್ತಿರ ಇದ್ದದ್ದು ದ್ವೇಷ. ಅಂಗಡಿಯವರು ಕೊಟ್ಟ ಪ್ರತಿಯೊಂದು ಸಾಮಾನೂ ಕೊಲ್ಲಲು ಬಂದದ್ದು ಎಂದೇ ಅವಳು ನಂಬಿದ್ದಳು, ಹಾಗೆ ನಂಬಿದವಳ ಕಣ್ಣಿಗೆ ಬೀಳದ ತಪ್ಪು ಯಾವುದಿದ್ದೀತು. ಇಸ್ತ್ರಿಪೆಟ್ಟಿಗೆ, ಮಿಕ್ಸರು, ಹೊಲಿಗೆ ಯಂತ್ರದ ಮೋಟರು, ಎಲ್ಲವನ್ನೂ ನೀರಿಗೆ ಹಾಕಿ, ಎಳೆದು, ಬಡಿದು ನೋಡುತ್ತಿದ್ದಳು. ಹೆಚ್ಚಿನವು ಸಾಯುತ್ತಿದ್ದವು. ಉಳಿದವುಗಳ ಮೇಲೆ ಮಗಳು ಬಿಟ್ಟುಹೋದ ಉಗುರುಬಣ್ಣದಿಂದ ಮಗಳ ಹೆಸರು ಬರೆದು ಕೊಡುತ್ತಿದ್ದಳು. ನೀಲಗಂಗಾ ಎಂದು ಬರೆದದ್ದಿದ್ದರೆ ಜನ ಕಣ್ಣು ಮುಚ್ಚಿ ಪ್ಲಗ್ಗು ಹಾಕುತ್ತಿದ್ದರು. ನಮ್ಮ ಮನೆ ಹುಟ್ಟಿದ್ದು ಹಾಗೆ.

ಈಗ ನಮ್ಮ ಕಾಲದ ಬದುಕಿನ ವಿಷಯ ನಾಲ್ಕು ಮಾತು ಹೇಳಬೇಕು, ಇಲ್ಲವಾದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನಿಮ್ಮ ಹಿರಿಯರು ಜೋಳವನ್ನು ತುಂಬಿಟ್ಟ ಹಾಗೆ ನಾವು ವಿದ್ಯುತ್ತನ್ನು ಓಣಿಗೊಂದು ಕಣಜದಲ್ಲಿ ತುಂಬಿಡುತ್ತೇವೆ. ಮನೆಗಳ ಮೇಲಿನ ಮಾಡುಗಳೆಲ್ಲ ಬಿಸಿಲು ಕುಡಿದು ಹಗಲಿಡೀ ಕಣಜಕ್ಕೆ ಕಳಿಸುತ್ತವೆ. ಕಣಜದ ಬಣ್ಣದಿಂದಲೇ ನಮ್ಮ ಓಣಿಗಳಿಗೆ, ವರ್ಷಗಳಿಗೆ ಹೆಸರು. ನಮ್ಮದು ನೀಲಿ. ಯಾರ ಮಾಡು ಎಷ್ಟು ಕೊಟ್ಟಿತು, ಯಾರ ಮನೆಯವರು ಎಷ್ಟು ಎಳೆದರು ಎನ್ನುವ ಜಗಳ ನಿಮ್ಮ ಕಾಲದ ನಲ್ಲಿಯ ಜಗಳದಂತೆಯೇ ನಡೆಯುತ್ತದೆ. ಗೋಡೆ ಮಾತಾಡುತ್ತದೆ, ಚಾಪೆ ಬೆಚ್ಚಗಾಗುತ್ತದೆ, ಹೊದ್ದ ಕೌದಿ ಜ್ವರ ನೋಡಿ ಹೇಳುತ್ತದೆ. ಮೈಗೆ ತಾಗುವ ವಸ್ತುವಿನಲ್ಲೆಲ್ಲ ವಿದ್ಯುತ್ತು ಇರುವುದರಿಂದ ಮುದ್ರೆ ಇಲ್ಲದ ಒಂದು ಗುಂಡಿಯನ್ನೂ ಯಾರೂ ಅಂಗಿಗೆ ಹಚ್ಚಿಕೊಳ್ಳುವುದಿಲ್ಲ. ಮುದ್ರೆ ಕೊಡುವ ಮನೆಗೆ ಆಗದವರ ಮನೆ ಎಂದು ಹೆಸರು. ಊರೂರಿಗೆ ಇವೆ, ಮೊದಲನೆಯದು ನಮ್ಮದು. ಪರೀಕ್ಷೆ ಮಾಡುವವರಿಗೆ ಮಾಡಿದವರ ಜೊತೆ ನಂಟಸ್ತಿಕೆ ಇರಬಾರದು, ಅವರ ಮನೆಯ ಉಪ್ಪು ತಿಂದಿರಬಾರದು, ಅವರಿಂದ ಒಂದು ಹೂವನ್ನೂ ಪಡೆದಿರಬಾರದು. ಹಗೆ ಇರಬಾರದು ಎಂದು ಮಾತ್ರ ನಿಯಮದಲ್ಲಿ ಎಲ್ಲಿಯೂ ಇಲ್ಲ. ಹಿರಿಯರು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಬೇಕಾದವರು ಪರೀಕ್ಷೆ ಮಾಡಿದರೆ ಸಾಮಾನು ಪಾಸಾಗುತ್ತದೆ, ಆಗದವರು ಮಾಡಿದರೆ ಸಾಮಾನು ಗಟ್ಟಿಯಾಗುತ್ತದೆ ಎನ್ನುವುದು ನಮ್ಮಲ್ಲಿ ಗಾದೆ. ಒಳ್ಳೆಯ ಕಸುಬಿನವರು ಬಾಗಿಲಿಗೆ ಬಂದು, ನನ್ನನ್ನು ಕಂಡರೆ ಯಾರಿಗೆ ಹೊಟ್ಟೆ ಉರಿಯುತ್ತದೋ ಅವರಿಗೇ ಕೊಡಿ ಎಂದು ಕೇಳುತ್ತಾರೆ. ದಾಯಾದಿಗಳಿಗಂತೂ ನಮ್ಮಲ್ಲಿ ಸದಾ ಕೆಲಸ.

ಮುದ್ರೆ ಎಂದರೆ ನಮ್ಮಲ್ಲಿ ಚಿತ್ರವಲ್ಲ, ಅಕ್ಷರದ ಗುಂಪೂ ಅಲ್ಲ. ಒಂದು ಹೆಸರು. ಕೆಟ್ಟ ಸಾಮಾನಿನಿಂದ ಸತ್ತವರೊಬ್ಬರ ಹೆಸರು. ಯಾವ ಹೆಸರು ಎಂದು ಆರಿಸುವ ಹಕ್ಕು ಪರೀಕ್ಷೆ ಮಾಡಿದವರದ್ದು. ಒಮ್ಮೆ ಕೊಟ್ಟ ಮೇಲೆ ಆ ಮಾದರಿಯ ಪ್ರತಿಯೊಂದು ಸಾಮಾನಿನ ಮೇಲೂ ಅದು ಅಚ್ಚಾಗಬೇಕು, ಮಾಡಿದವನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ. ಮನೆಗೆ ತಂದ ದಿನ ಹಿರಿಯರು ಅದರ ಮೇಲೆ ಅಂಗೈ ಇಟ್ಟು, ಆ ಹೆಸರು ಹೇಳಿ, ಮಕ್ಕಳನ್ನು ನೋಡಿಕೋ ಎಂದು ಹೇಳಿ ಆಮೇಲೆ ಚಾಲೂ ಮಾಡುತ್ತಾರೆ.

ಎರಡು ವರ್ಷದ ಹಿಂದೆ ನಮ್ಮ ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಹೊಸದಾಗಿ ಬಿಸಿಬಿಲ್ಲೆ ಮಾಡಿದ್ದಳು. ಅಂಗೈ ಅಗಲದ ತಟ್ಟೆ, ಹಂಡೆಯ ತಳಕ್ಕೆ ಬಿಟ್ಟರೆ ನೀರು ಕಾಯುತ್ತದೆ. ಎಷ್ಟು ಕಾಲ ಕಳೆದರೂ ಮನುಷ್ಯರಿಗೆ ಬಿಸಿನೀರಿನ ಆಸೆ ಹೋಗಿಲ್ಲ. ಸಾಮಾನು ತಂದವರು ಹೊಸ್ತಿಲಲ್ಲಿ ನಿಂತು ತಮ್ಮ ಕಸುಬಿನ ಹಿರಿಯರನ್ನು ಹೇಳಬೇಕು, ಅದು ಕ್ರಮ. ಅವಳು ಹೇಳಿಕೊಂಡಳು. ತಾನು ಇಳಾ, ತನ್ನ ತಂದೆ ಇಂಥವರು, ಅಜ್ಜ ಇಂಥವರು. ಕಡೆಗೆ ದನಿ ಎತ್ತರಿಸಿ ಹೇಳಿದಳು: “ನಮ್ಮ ಮೂಲ ಹಿರ್ಯಾರು ರಾಚಪ್ಪ ತಡಕೋಡ ಅಂತ, ಇದಽ ಹುಬ್ಬಳ್ಳಿ ಬಜಾರದಾಗ ಅಂಗಡಿ ಇಟ್ಟಿದ್ರು. ಗುರುತು ಇಲ್ಲದ ಸಾಮಾನು ಎಂದೂ ಮಾರಲಿಲ್ಲಂತ್ರಿ ಅವರು.”

ನಿಮ್ಮ ಮನೆಯಲ್ಲಿ ನಿಮ್ಮ ಕಥೆಯನ್ನು ಹಾಗೆ ಹೇಳುತ್ತಾರೆ, ರಾಚಪ್ಪನವರೇ. ಗುರುತು ಇಲ್ಲದ ಸಾಮಾನು ಎಂದೂ ಮಾರಲಿಲ್ಲ. ಗುರುತಿಗೆ ನಿಮ್ಮಲ್ಲಿ ಎಂದೂ ಕೊರತೆ ಇರಲಿಲ್ಲ, ಸುರುಳಿಯೇ ಇತ್ತು. ನನಗೆ ಮೈಯೆಲ್ಲ ಬೆಂಕಿ ಹೊತ್ತಿತು. ಮನೆಯ ಹಿರಿಯ ಪರೀಕ್ಷಕರು ನನ್ನ ಮುಖ ನೋಡಿದರು, ಅವರಿಗೂ ಈ ಕಥೆ ಗೊತ್ತು. ಇವಳಿಗೆ ನಿನಗಿಂತ ಆಗದವರು ಯಾರೂ ಸಿಗಲಿಕ್ಕಿಲ್ಲ ಎಂದು ಹೇಳಿ ಬಿಲ್ಲೆಯನ್ನು ನನ್ನ ಕೈಗೆ ಕೊಟ್ಟರು. ಇಳಾಳ ಮೇಲೆ ನನಗೇನೂ ಸಿಟ್ಟಿರಲಿಲ್ಲ ಎಂದು ಬರೆಯಬಹುದು. ಸುಳ್ಳಾಗುತ್ತದೆ. ಅವಳ ಮೂಗು ಕಂಡರೂ ಸಿಟ್ಟು ಬರುತ್ತಿತ್ತು. ಬಿಲ್ಲೆ ನನ್ನ ಕೈಯಲ್ಲಿ ಸಾಯಬೇಕು, ತಡಕೋಡದವರ ಹೆಸರು ಹೇಳಿಕೊಂಡು ಬಿಸಿನೀರಿನ ಸಾಮಾನು ಈ ಊರಿನಲ್ಲಿ ಇನ್ನೊಮ್ಮೆ ಬಿಕರಿಯಾಗಬಾರದು, ಇದೊಂದೇ ನನ್ನ ಮನಸ್ಸಿನಲ್ಲಿದ್ದದ್ದು.

ನಾನು ಬಿಡಲಿಲ್ಲ. ಉಪ್ಪುನೀರಿನಲ್ಲಿ ನೆನೆಹಾಕಿದೆ, ಹುಣಸೆರಸದಲ್ಲಿ ಕುದಿಸಿದೆ. ನೀರಿಲ್ಲದ ಹಂಡೆಯಲ್ಲಿ ಉರಿಯಲು ಬಿಟ್ಟು ಊಟಕ್ಕೆ ಹೋದೆ, ಇದಕ್ಕೆ ನಾವು ಮರೆವಿನ ಪರೀಕ್ಷೆ ಅನ್ನುತ್ತೇವೆ. ಗಂಡನ ಮೇಲಿನ ಸಿಟ್ಟಿಗೆ ಸಾಮಾನು ಎಸೆಯುವ ಪರೀಕ್ಷೆಯೊಂದಿದೆ, ಅದನ್ನು ನಟನೆ ಇಲ್ಲದೆ ಮಾಡಿದೆ. ಎಮ್ಮೆಯ ಕಾಲ ಕೆಳಗೆ ಹಾಕಿಸಿದೆ, ಕರೆಂಟು ತೆಗೆದು ಹಲ್ಲು ಬರುತ್ತಿರುವ ಕೂಸುಗಳಿಗೆ ಕಡಿಯಲು ಕೊಟ್ಟೆ. ಕಣಜದ ಒತ್ತಡವನ್ನು ಏರಿಸಿ ಇಳಿಸಿ, ಗುಡುಗಿನ ದಿನ ಮಾಡಿನ ಮೇಲೆ ಕಟ್ಟಿ, ಒಳಗೆ ಇರುವೆ ಬಿಟ್ಟು ಗೂಡು ಕಟ್ಟಲು ಕಾದೆ. ನಿಯಮದಲ್ಲಿ ಇಲ್ಲದ್ದು ಒಂದೂ ಮಾಡಲಿಲ್ಲ, ಇದ್ದದ್ದರಲ್ಲಿ ಒಂದೂ ಬಿಡಲಿಲ್ಲ. ಇಳಾ ದಿನವೂ ಬಂದು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಅವಳು ಬಸುರಿ ಎನ್ನುವುದು ಬರಬರುತ್ತ ಕಾಣಿಸಿತು. ನಾನು ಹೊಡೆದಷ್ಟೂ ಅವಳಿಗೆ ಸಂತೋಷ. ಇನ್ನೊಂದು ಸಲ ಮಾಡಿ ನೋಡ್ರಿ ಅಕ್ಕಾರ ಎನ್ನುತ್ತಿದ್ದಳು. ಬಿಲ್ಲೆ ಸಾಯಲಿಲ್ಲ. ಒಂದೊಂದು ಪರೀಕ್ಷೆಗೂ ತಾನೇ ಆರಿಕೊಳ್ಳುತ್ತಿತ್ತು, ತಣ್ಣಗಾಗುತ್ತಿತ್ತು, ಯಾರಿಗೂ ಒಂದು ಜುಮ್ಮನ್ನೂ ಕೊಡಲಿಲ್ಲ. ಕಡೆಗೆ ಅದನ್ನು ಕೊಯ್ದು ನೋಡಿದೆ. ಕಣ್ಣಿಗೆ ಬೀಳದ ಜಾಗದಲ್ಲಿ, ಯಾರೂ ಕೇಳದೆ, ಅವಳು ನೆಲಕ್ಕೆ ಹೋಗುವ ತಂತಿಯನ್ನು ಎರಡೆರಡು ಸಲ ಬಿಗಿದಿದ್ದಳು.

ಆ ದಿನ ಮನೆಗೆ ಹೋಗಿ ಲೆಕ್ಕ ಹಾಕಿದೆ. ಫೇಲು ಮಾಡಬಹುದಿತ್ತು. ಆಗದವಳ ಮಾತನ್ನು ಯಾರೂ ತಿರುಗಿ ಕೇಳುವುದಿಲ್ಲ. ಒಂದು ಸುಳ್ಳು ಸಾಕಾಗಿತ್ತು, ಆದರೆ ಪರೀಕ್ಷೆಗೆ ಸಂಬಂಧವಿಲ್ಲದ ಗುರುತನ್ನು ಕೈಯಾರೆ ಹಚ್ಚುವುದು ನಿಮ್ಮ ಕೆಲಸ. ನಾನೂ ಅದನ್ನೇ ಮಾಡಿದರೆ ಕಸ್ತೂರೆವ್ವನ ಅಂಗಳದಲ್ಲಿ ನಿಮಗೆ ಗದ್ದುಗೆ ಹಾಕಿ ಕೂರಿಸಿದ ಹಾಗೆ. ಅಳು ಬಂತು. ಸೇಡು ಕೈಗೆ ಬಂದು ಜಾರಿತು ಎಂದು ಅತ್ತೆ. ಆಮೇಲೆ ಹಿಟ್ಟು ನಾದುತ್ತಿರುವಾಗ ಒಂದು ವಿಚಾರ ಬಂದು ಕೈ ನಿಂತಿತು. ಫೇಲಾದ ಸಾಮಾನಿನ ಮೇಲೆ ಯಾರ ಹೆಸರೂ ಅಚ್ಚಾಗುವುದಿಲ್ಲ. ಪಾಸಾದರೆ ಆಗುತ್ತದೆ. ಬಿಲ್ಲೆ ಎಷ್ಟು ಒಳ್ಳೆಯದೋ ಅಷ್ಟು ಮನೆಗೆ ಹೋಗುತ್ತದೆ, ಅಷ್ಟು ಬಚ್ಚಲಿನಲ್ಲಿ ಆ ಹೆಸರು ಇರುತ್ತದೆ. ತಡಕೋಡದವರು ತಮ್ಮ ಕೈಯಿಂದಲೇ ಅಚ್ಚು ಹಾಕುತ್ತಾರೆ, ತಮ್ಮ ಹೆಸರಿಗಿಂತ ದೊಡ್ಡದಾಗಿ.

ಮರುದಿನ ಮುದ್ರೆ ಕೊಟ್ಟೆ. ಇಳಾ ಅಚ್ಚನ್ನು ಕೈಯಲ್ಲಿ ಹಿಡಿದು ಅಕ್ಷರ ಕೂಡಿಸಿ ಓದಿದಳು. ಯಾರಿದ್ದರು ಇವರು ಎಂದು ಕೇಳಿದಳು. ನಮ್ಮ ಮನೆಯ ಹುಡುಗಿ, ಬಹಳ ಹಿಂದೆ, ಕೆಟ್ಟ ಕಾಯಿಲಿನಿಂದ ಹೋದಳು ಎಂದೆ. ಮಾರಿದವರು ಯಾರು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಬಹುದಿತ್ತು, ಬಾಯಿಯ ತನಕ ಬಂದಿತ್ತು. ಅವಳು ಕಣ್ಣು ಒರೆಸಿಕೊಂಡಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, “ಹೆಸರು ಎಷ್ಟ ಛಂದ ಐತ್ರಿ ಅಕ್ಕಾರ. ಹೆಣ್ಣಾದರ ಇದನ್ನಽ ಇಡತೇನಿ,” ಎಂದಳು.

ಹೆಣ್ಣೇ ಆಯಿತು. ಹೆಸರಿಡುವ ದಿನ ನನ್ನನ್ನು ಕರೆದರು. ಇಳಾಳ ಗಂಡನಿಗೆ ಅಕ್ಕತಂಗಿಯರಿಲ್ಲ, ಹಾಗಾಗಿ ಸೋದರತ್ತೆಯ ಜಾಗದಲ್ಲಿ ನನ್ನನ್ನೇ ಕೂರಿಸಿದರು. ನಡುಮನೆಯ ಗೋಡೆಯ ಮೇಲೆ ನಿಮ್ಮ ಫೋಟೊ ಇತ್ತು, ಗಂಧದ ಹಾರ ಹಾಕಿದ್ದು. ನಿಮ್ಮನ್ನು ನಾನು ಮೊದಲ ಸಲ ಕಂಡದ್ದು ಆಗ. ಒಳ್ಳೆಯ ಕಳೆಯ ಮುಖ, ಸುಳ್ಳಲ್ಲ. ಕೂಸನ್ನು ತೊಡೆಯ ಮೇಲೆ ಹಾಕಿದರು. ನಾನು ಬಗ್ಗಿ, ನಿಮ್ಮನ್ನೇ ನೋಡುತ್ತ, ಅದರ ಕಿವಿಯಲ್ಲಿ ಕುರ್ರ್ ಎಂದು ಹೇಳಿ ಹೆಸರು ಹೇಳಿದೆ. ಸುತ್ತ ಇದ್ದ ಹೆಂಗಸರು ನಗುತ್ತ ನನ್ನ ಬೆನ್ನಿಗೆ ಗುದ್ದಿದರು. ಆ ಹೊತ್ತಿನಲ್ಲಿ ನನಗೆ ಆದ ಸುಖವನ್ನು ನಾನು ಯಾರಿಗೂ ಹೇಳಿಕೊಂಡಿಲ್ಲ.

ಇಳಾಗೆ ಈ ಕಥೆ ಎಂದೂ ತಿಳಿಯುವುದಿಲ್ಲ. ಅವಳು ಏನು ತಪ್ಪು ಮಾಡಿದ್ದಾಳೆ? ನಾನು ಕೊಟ್ಟ ಈ ಶಿಕ್ಷೆ ನಿಮಗೊಬ್ಬರಿಗೇ, ಅದಕ್ಕೇ ನನ್ನದೊಂದು ಹಿಂದೋಲೆಯನ್ನು ನಿಮಗೆ ಖರ್ಚು ಮಾಡಿದ್ದು. ಇನ್ನೊಬ್ಬರಿಗೆ ತೋರಿಸಿ ನೋಡಿ, ಅವರ ಕಣ್ಣಿಗೆ ಖಾಲಿ ಕಾಗದವೇ ಕಾಣುತ್ತದೆ. ಮಕ್ಕಳನ್ನು ಎತ್ತಿಕೊಳ್ಳುವಾಗ, ಮೊಮ್ಮಕ್ಕಳಿಗೆ ಹೆಸರಿಡುವಾಗ, ಕಡೆಗೆ ಮಲಗಿದಲ್ಲಿ ಬಾಯಿಗೆ ನೀರು ಬಿಡುವಾಗಲೂ ಇದು ನಿಮಗೆ ಗೊತ್ತಿರಲಿ. ಈ ಓಲೆ ಆ ಚಳಿಗಾಲಕ್ಕಿಂತ ಮುಂಚೆಯೇ ತಲುಪಿದ್ದರೆ ಒಂದು ಮಾತು. ತಾಯಿ ಮಗಳು ಇನ್ನೂ ಅಂಗಡಿಗೆ ಬಂದಿಲ್ಲ. ಆ ಸುರುಳಿಯನ್ನು ಒಲೆಗೆ ಹಾಕಿ. ಹಾಗಾದರೆ ಕಸ್ತೂರೆವ್ವ ಬಜಾರಿಗೆ ಬಕೆಟ್ಟು ತರುವುದಿಲ್ಲ, ಆಗದವರ ಮನೆ ಕಟ್ಟುವುದಿಲ್ಲ, ನಾನು ಪರೀಕ್ಷಕಿಯಾಗುವುದಿಲ್ಲ, ಬಹುಶಃ ಹುಟ್ಟುವುದೂ ಇಲ್ಲ. ನಮ್ಮ ಅಷ್ಟೂ ಮುದ್ರೆಗಳನ್ನು ಆ ಒಂದು ಹುಡುಗಿಗೆ ಬದಲಾಗಿ ಕೊಡುತ್ತೇನೆ, ನೆಟ್ಟಗೆ ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ಆದರೆ ನಿಮ್ಮ ಹೆಬ್ಬೆರಳಿನ ಮೇಲೆ ನನಗೆ ನಂಬಿಕೆ ಇಲ್ಲ.

ತಲುಪಿದ್ದು ಆಮೇಲೆ ಎಂದಾದರೆ ಕೇಳಿಕೊಳ್ಳಿ. ನಿಮ್ಮ ಮನೆಯ ಆ ಕೂಸು ಈಗ ನಡೆಯುತ್ತದೆ, ನೀರು ಕಂಡರೆ ಬಿಡುವುದಿಲ್ಲ. ದಿನವೂ ಬೆಳಿಗ್ಗೆ ಇಳಾ ಬಚ್ಚಲ ಬಾಗಿಲಿಗೆ ನಿಂತು ನೀಲಗಂಗಾ, ಹೊತ್ತಾತು, ಹೊರಗ ಬಾ ಎಂದು ಕೂಗುತ್ತಾಳೆ. ನಿಮ್ಮ ಫೋಟೊ ಇರುವ ನಡುಮನೆಯ ತನಕ ಕೇಳುತ್ತದೆ. ಒಂದೇ ಕೂಗಿಗೆ ಅದು ಬರುತ್ತದೆ.

ಇಂತಿ ನಿಮಗೆ ಆಗದವಳು,
ರುದ್ರಾಣಿ ಕೊಣ್ಣೂರ